ಪೀಠದ ಕಲ್ಲಿನಲ್ಲಿ ಯಾರ ಹೆಸರು?

ನಮ್ಮ ಕಡೆಯ ಊರುಗಳಿಗೆ ಪ್ರತಿಮೆ ಬರುವ ರೀತಿಯೇ ಒಂದು ಚೋದ್ಯ. ನಿನ್ನೆಯವರೆಗೆ ದನ ಮಲಗುತ್ತಿದ್ದ ವೃತ್ತದಲ್ಲಿ ಒಂದು ಬೆಳಿಗ್ಗೆ ತಗಡಿನ ಮರೆ ಎದ್ದಿರುತ್ತದೆ. ಆರು ತಿಂಗಳೋ ವರ್ಷವೋ, ಅದರೊಳಗೆ ಏನು ನಡೆಯುತ್ತಿದೆಯೆಂದು ದಾರಿಹೋಕರಿಗೆ ತಿಳಿಯದು. ಆಮೇಲೆ ಒಂದು ದಿನ ಶಾಮಿಯಾನ, ಮೈಕು, ಹಾರ, ರಸ್ತೆ ಬಂದ್. ಸಂಜೆ ತರಕಾರಿಗೆ ಹೋದಾಗ ನೋಡಿದರೆ ಮಹನೀಯರೊಬ್ಬರು ಕೈ ಎತ್ತಿಕೊಂಡು ನಿಂತಿರುತ್ತಾರೆ. ಮೈತುಂಬ ಚಿನ್ನದ ಬಣ್ಣದ ಪೇಂಟು. ಮುಖ ಮಾತ್ರ ನಾವು ಪಠ್ಯಪುಸ್ತಕದಲ್ಲಿ ನೋಡಿದ ಮುಖವಲ್ಲ. ಅವರ ದೂರದ ದಾಯಾದಿಯದಿರಬಹುದು. ಒಂದು ಕೈ ಇನ್ನೊಂದಕ್ಕಿಂತ ಗೇಣುದ್ದ ಜಾಸ್ತಿ. ಇದನ್ನು ಬಾಯಿಬಿಟ್ಟು ಹೇಳಿದಿರೋ, 'ಯಾಕಮ್ಮಾ, ನಿಮಗೆ ದೊಡ್ಡವರ ಮೇಲೆ ಗೌರವ ಇಲ್ಲವೇ?' ಎಂದು ಗದರುತ್ತಾರೆ. ಗೌರವ ಇದೆ ಸ್ವಾಮಿ. ಇರುವುದರಿಂದಲೇ ಕೇಳುವುದು.

ಪೀಠಕ್ಕೆ ಕೂರಿಸಿದ ಕರಿಕಲ್ಲನ್ನು ಬಿಡುವು ಮಾಡಿಕೊಂಡು ಓದಿ ನೋಡಿ. ಲಗ್ನಪತ್ರಿಕೆಯ ಕೊನೆಯಲ್ಲಿ ಸುಖಾಗಮನ ಬಯಸುವವರ ಪಟ್ಟಿ ಇರುತ್ತದಲ್ಲ, ಥೇಟು ಹಾಗೆಯೇ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ಸದಸ್ಯರು, ಅಧಿಕಾರಿಗಳು, ಇಂಜಿನಿಯರು. ಕೆಲವು ಕಡೆ ಗುತ್ತಿಗೆದಾರರ ಹೆಸರೂ ಉಂಟು. ಇಪ್ಪತ್ತು ಹೆಸರಿನ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ್ದು ಒಂದೇ ಒಂದು: ಆ ಮೂರ್ತಿಯನ್ನು ಮಾಡಿದವನ ಹೆಸರು. ಮಾಡಿದವಳೂ ಇರಬಹುದು, ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ತಕರಾರು ಇಷ್ಟೆ. ಸಾರ್ವಜನಿಕರ ದುಡ್ಡಿನಲ್ಲಿ ಬೀದಿಯಲ್ಲಿ ಏನನ್ನೇ ನಿಲ್ಲಿಸಲಿ, ಪ್ರತಿಮೆಯಾಗಲಿ, ಸ್ವಾಗತದ ಕಮಾನಾಗಲಿ, ಬಸ್ಸಿನ ತಂಗುದಾಣವಾಗಲಿ, ಅದನ್ನು ಮಾಡಿದ ಕೈಯ ಹೆಸರು ಮತ್ತು ಅದಕ್ಕೆ ತಗುಲಿದ ಹಣ ಆ ಕಲ್ಲಿನ ಮೇಲೆ ಇರಲೇಬೇಕು. ಇದೇನು ಮಹಾ ವಿಷಯ ಎನ್ನುತ್ತೀರಾ? ನೆರೆಮನೆಯಾಕೆ ಚಕ್ಕುಲಿ ಮಾಡಿ ಕಳಿಸಿದರೆ ಯಾರು ಮಾಡಿದ್ದು ಎಂದು ಕೇಳಿಯೇ ಬಾಯಿಗೆ ಹಾಕುವವರು ನಾವು. ಚೆನ್ನಾಗಿದ್ದರೆ ಹೊಗಳಲು, ಹಸಿಬಿಸಿಯಾಗಿದ್ದರೆ ಹೇಳಲು, ಒಂದು ಹೆಸರು ಬೇಕು. ಹೆಸರಿಲ್ಲದ ಕೆಲಸಕ್ಕೆ ಹೊಣೆಯೂ ಇಲ್ಲ, ಹೊಗಳಿಕೆಯೂ ಇಲ್ಲ. ಎರಡೂ ಇಲ್ಲದ ಕಡೆ ಯಾರಾದರೂ ಒಳ್ಳೆಯದನ್ನು ಯಾಕೆ ಮಾಡಬೇಕು ಹೇಳಿ?

ನನ್ನ ತವರು ತಿರುಮಕೂಡಲು ನರಸೀಪುರ, ಸೇರಿದ ಮನೆ ನಂಜನಗೂಡು. ಆದ್ದರಿಂದ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನರಸೀಪುರ ತಾಲ್ಲೂಕಿನಲ್ಲೇ ಸೋಮನಾಥಪುರವಿದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಅಲ್ಲಿ ಕೇಶವ ದೇವಾಲಯವನ್ನು ಮಾಡಿಸಿದ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಒಮ್ಮೆಯಾದರೂ ಅಲ್ಲಿಗೆ ಹೋಗದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ಗೈಡು ಆನೆಯ ಸಾಲು, ಕುದುರೆಯ ಸಾಲು ಎಂದು ತೋರಿಸುತ್ತ ಹೋಗುತ್ತಾನೆ, ನಾವು ಹಿಂದೆ ಹಿಂದೆ ಹೋಗುತ್ತೇವೆ. ಮುಂದಿನ ಸಲ ಹೋದಾಗ ಗೈಡನ್ನು ಮುಂದೆ ಬಿಟ್ಟು ಹೊರಗೋಡೆಯ ದೊಡ್ಡ ಮೂರ್ತಿಗಳ ಕಾಲಬುಡವನ್ನು ನೋಡಿ. ಅಲ್ಲಿ ಕನ್ನಡ ಅಕ್ಷರಗಳಿವೆ. ಮಲ್ಲಿತಮ್ಮ, ಮಸಣಿತಮ್ಮ, ಬಾಲೆಯ, ಚೌಡೆಯ, ನಂಜಯ. ಮಲ್ಲಿತಮ್ಮ ಒಬ್ಬನೇ ಸುಮಾರು 40 ಮೂರ್ತಿಗಳಿಗೆ ತನ್ನ ಹೆಸರು ಹಾಕಿದ್ದಾನೆ. ಕೆಲವು ಕಡೆ ಪೂರ್ತಿ ಬರೆಯುವ ವ್ಯವಧಾನವಿಲ್ಲದೆ 'ಮಲ್ಲಿ' ಎಂದಷ್ಟೇ ಕೆತ್ತಿದ್ದಾನೆ, ನಾವು ಸ್ಟೀಲ್ ಡಬ್ಬಿಯ ತಳಕ್ಕೆ ಹೆಸರು ಹೊಡೆಸುವ ಹಾಗೆ.

ಮಾಡಿಸಿದ ದಂಡನಾಯಕನ ಹೆಸರು ಎಲ್ಲೂ ಮರೆಯಾಗಲಿಲ್ಲ, ಗಮನಿಸಿ. ಬಾಗಿಲ ಬಳಿಯೇ ದೊಡ್ಡ ಶಾಸನದ ಕಲ್ಲು ನಿಂತಿದೆ. ಅಗ್ರಹಾರ ಮಾಡಿದ್ದು, ದೇವಾಲಯ ಕಟ್ಟಿಸಿದ್ದು, ಅದು ನಡೆದುಕೊಂಡು ಹೋಗಲು ಬಿಟ್ಟ ದತ್ತಿ ಎಲ್ಲವೂ ಅದರಲ್ಲಿದೆ. ಹೀಗೆ ಮಾಡಿಸಿದವನೂ ಇದ್ದಾನೆ, ದುಡ್ಡಿನ ಏರ್ಪಾಡೂ ಇದೆ, ಕೆತ್ತಿದವರೂ ಇದ್ದಾರೆ. ಏಳೂವರೆ ಶತಮಾನದ ಹಿಂದೆ ರಾಜರ ಕಾಲದಲ್ಲಿ ಆದದ್ದು ಪ್ರಜಾಪ್ರಭುತ್ವದಲ್ಲಿ ಆಗುವುದಿಲ್ಲವೆಂದರೆ ನನಗೆ ನಗು ಬರುತ್ತದೆ. ನಮ್ಮ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಜಕಣಾಚಾರಿಯ ಹೆಸರಿನದು. ಜನವರಿ 1ರಂದು ಅವನ ಸಂಸ್ಮರಣೆಯೂ ನಡೆಯುತ್ತದೆ. ನಡೆಯಲಿ, ಒಳ್ಳೆಯದೇ. ಆದರೆ ಜಕಣಾಚಾರಿ ಐತಿಹ್ಯದ ಪುರುಷ. ಕಲ್ಲಿನ ಮೇಲೆ ಸ್ವತಃ ಸಹಿ ಹಾಕಿ ಹೋದ ಮಲ್ಲಿತಮ್ಮನನ್ನು ಮಾತ್ರ ನೆನೆಯುವವರಿಲ್ಲ.

ನಂಜನಗೂಡಿಗೆ ಬನ್ನಿ. ದೂರದಿಂದ ಬರುವವರಿಗೆ ಮೊದಲು ಕಾಣುವುದು ಶ್ರೀಕಂಠೇಶ್ವರನ ರಾಜಗೋಪುರ, ಸುಮಾರು 120 ಅಡಿ ಎತ್ತರದ್ದು. ಅದನ್ನು ಮಾಡಿಸಿದ್ದು ಯಾರು? ಊರಿನಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತು ಜನವೂ 'ಮಹಾರಾಜರು' ಎನ್ನುತ್ತಾರೆ. ಮಹಾರಾಜರಲ್ಲ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವರಾಜಮ್ಮಣ್ಣಿ, 1845ರ ಸುಮಾರಿಗೆ. ಊರಿನ ಅತ್ಯಂತ ಎತ್ತರದ ಗುರುತನ್ನು ಮಾಡಿಸಿದ್ದು ಒಬ್ಬ ಹೆಂಗಸು. ನಾವು ದಿನವೂ ಅದರ ನೆರಳಿನಲ್ಲಿ ಹೂವು ಕೊಳ್ಳುತ್ತೇವೆ, ಹಣ್ಣುಕಾಯಿ ಕೊಳ್ಳುತ್ತೇವೆ, ಆ ಹೆಸರನ್ನು ಮಾತ್ರ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟಿಲ್ಲ.

ಇನ್ನು ಕಪಿಲೆಯ ಮೇಲಿನ ಹಳೆಯ ಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಆದದ್ದು. ಎತ್ತಿನ ಗಾಡಿಗೆಂದು ಕಟ್ಟಿದ ಕಲ್ಲಿನ ಕಮಾನುಗಳ ಮೇಲೆ ಮುಂದೆ ಬ್ರಿಟಿಷರ ಕಾಲದ ರೈಲೂ ಓಡಿತು. ಬ್ರಾಡ್‌ಗೇಜ್ ಬಂದು ಪಕ್ಕದಲ್ಲಿ ಹೊಸ ಸೇತುವೆಯಾದ ಮೇಲಷ್ಟೇ ಅದಕ್ಕೆ ವಿಶ್ರಾಂತಿ. ಕಪಿಲೆ ಉಕ್ಕಿ ಹರಿದ ಎಷ್ಟೋ ಮಳೆಗಾಲಗಳನ್ನು ಅದು ನೋಡಿದೆ. ಒಳ್ಳೆಯ ವಿನ್ಯಾಸ ಎಂದರೆ ಏನು ಎಂದು ಕಾಲೇಜಿನ ಹುಡುಗರು ಕೇಳಿದರೆ ಪುಸ್ತಕ ತೆರೆಯುವ ಬದಲು ಅಲ್ಲಿಗೆ ಕರೆದುಕೊಂಡು ಹೋಗಬಹುದು. ನೋಡಲು ಚೆಂದ, ಕೆಲಸಕ್ಕೆ ಗಟ್ಟಿ, ಕಟ್ಟಿದವರು ನೆನೆಸದ ಕೆಲಸಕ್ಕೂ ಒದಗಿತು.

ಈಗಿನದ್ದು ಯಾಕೆ ಹೀಗಾಗುತ್ತದೆ? ಕಲಾವಿದರು ಸತ್ತುಹೋಗಿದ್ದಾರೆಯೇ? ಖಂಡಿತ ಇಲ್ಲ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಅಯೋಧ್ಯೆಯಲ್ಲಿ 2024ರ ಜನವರಿಯಲ್ಲಿ ಪ್ರತಿಷ್ಠೆಯಾದ ಬಾಲರಾಮನನ್ನು ಕೆತ್ತಿದ್ದು ಮೈಸೂರಿನ ಅರುಣ್ ಯೋಗಿರಾಜ್. ಕಲ್ಲು ನಮ್ಮ ಜಿಲ್ಲೆಯದೇ. ಅಲ್ಲಿ ಮೂವರು ಶಿಲ್ಪಿಗಳಿಂದ ಮೂರು ಮೂರ್ತಿ ಮಾಡಿಸಿ ಅದರಲ್ಲಿ ಒಂದನ್ನು ಆರಿಸಿದರು, ಮೂವರಲ್ಲಿ ಇಬ್ಬರು ಕನ್ನಡಿಗರು. ಆರಿಸಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಮಾತು, ಆರಿಸಿದರು ಎಂಬುದು ಮುಖ್ಯ. ಒಂದು ಸೀರೆ ಕೊಳ್ಳಲು ನಾವು ಇಪ್ಪತ್ತು ಸೀರೆ ಬಿಚ್ಚಿಸುತ್ತೇವೆ. ಊರಿನ ನಡುಮಧ್ಯೆ ನೂರು ವರ್ಷ ನಿಲ್ಲಬೇಕಾದದ್ದನ್ನು ಬಿಚ್ಚಿಸದೆ, ಮಡಿಕೆ ನೋಡದೆ ಕಟ್ಟಿಸಿಕೊಂಡು ಬರುತ್ತಾರೆ.

ತೊಂದರೆ ಇರುವುದು ದುಡ್ಡು ಹರಿಯುವ ಕಾಲುವೆಯಲ್ಲಿ. ಒಂದು ಪುರಸಭೆಯಲ್ಲೋ ನಗರಸಭೆಯಲ್ಲೋ ಸಾಮಾನ್ಯವಾಗಿ ಆಗುವುದು ಹೀಗೆ. ವೃತ್ತದ 'ಸೌಂದರ್ಯೀಕರಣ' ಎಂದು ಒಂದು ಕಾಮಗಾರಿ ಹುಟ್ಟುತ್ತದೆ. ಇಂಜಿನಿಯರು ಲೋಕೋಪಯೋಗಿ ಇಲಾಖೆಯ ದರಪಟ್ಟಿ ಹಿಡಿದು ಎಸ್ಟಿಮೇಟು ಹಾಕುತ್ತಾರೆ. ಮಣ್ಣು ಅಗೆಯುವುದಕ್ಕೆ ದರವಿದೆ, ಕಾಂಕ್ರೀಟಿಗೆ ದರವಿದೆ, ಗ್ರಾನೈಟಿಗೆ, ಕಂಬಿಗೆ, ಬಣ್ಣಕ್ಕೆ ದರವಿದೆ. ಒಂದು ಮುಖದಲ್ಲಿ ಕರುಣೆ ತರುವುದಕ್ಕೆ ಚದರ ಮೀಟರಿಗೆ ಎಷ್ಟು? ಅದಕ್ಕೆ ಕಲಂ ಇಲ್ಲ. ಆದ್ದರಿಂದ ಮೂರ್ತಿಯೂ ಕಲ್ಲುಕಂಬಿಯ ಜೊತೆ ಒಂದು ಬಾಬತ್ತಾಗಿ ಸೇರಿಕೊಳ್ಳುತ್ತದೆ. ಮುಂದೆ ಟೆಂಡರು. 1999ರ ಪಾರದರ್ಶಕತೆ ಕಾಯ್ದೆಯ ಉದ್ದೇಶ ಒಳ್ಳೆಯದೇ. ಆದರೆ ಟೆಂಡರು ಹಾಕಲು ನೋಂದಾಯಿತ ಗುತ್ತಿಗೆದಾರನಾಗಿರಬೇಕು, ಠೇವಣಿ ಇಡಬೇಕು, ಹಿಂದಿನ ಕಾಮಗಾರಿಗಳ ದಾಖಲೆ ತೋರಿಸಬೇಕು. ಉಳಿ ಹಿಡಿದು ಕೂತ ಶಿಲ್ಪಿಯ ಹತ್ತಿರ ಇದೆಲ್ಲ ಎಲ್ಲಿಂದ ಬರಬೇಕು? ಚರಂಡಿ ಕಟ್ಟಿಸುವ ಗುತ್ತಿಗೆದಾರರೇ ಪ್ರತಿಮೆಯನ್ನೂ ಹಿಡಿಯುತ್ತಾರೆ. ಅವರು ತಮ್ಮ ಪಾಲು ಇಟ್ಟುಕೊಂಡು, ಕಡಿಮೆಗೆ ಮಾಡಿಕೊಡುವ ಒಬ್ಬನನ್ನು ಹಿಡಿಯುತ್ತಾರೆ. ಅವನು ಅಚ್ಚಿನಿಂದ ಎತ್ತಿ ಕೊಡುತ್ತಾನೆ. ಇಷ್ಟು ಕೈ ದಾಟಿದ ಮೇಲೆ ಅವನ ಹೆಸರು ಕೇಳಿದರೆ ಯಾರಿಗೆ ಗೊತ್ತಿರುತ್ತದೆ?

ಸರ್ಕಾರಿ ಸಂಸ್ಥೆಗೆ ಟೆಂಡರಿಲ್ಲದೆ ಕೆಲಸ ವಹಿಸುವ ದಾರಿಯೂ ಕಾಯ್ದೆಯಲ್ಲಿದೆ, 4(ಜಿ) ವಿನಾಯಿತಿ ಎನ್ನುತ್ತಾರೆ. ಆ ದಾರಿಯಲ್ಲೂ ಕೆಲಸ ಗುಟ್ಟಾಗಿಯೇ ನಡೆದರೆ ಫಲ ಬೇರೆಯಾಗದು. ಕಾರ್ಕಳದ ಉಮಿಕಲ್ ಬೆಟ್ಟದ ಮೇಲಿನ ಪರಶುರಾಮನ ಸಂಗತಿ ನಿಮಗೆ ನೆನಪಿರಬಹುದು. 2023ರ ಜನವರಿಯಲ್ಲಿ ಅದ್ದೂರಿ ಉದ್ಘಾಟನೆಯಾಯಿತು. ಕೆಲವೇ ತಿಂಗಳಲ್ಲಿ, ಕಂಚಿನದೆಂದು ಹೇಳಿದ್ದು ಕಂಚಿನದಲ್ಲ ಎಂಬ ದೂರು ಎದ್ದಿತು. ಆ ವರ್ಷವೇ ಮೂರ್ತಿಯ ಮೇಲರ್ಧವನ್ನು ಕಳಚಿ ಇಳಿಸಿದರು. ಪೊಲೀಸ್ ತನಿಖೆಯಾಗಿ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. ತೀರ್ಪು ಹೇಳುವುದು ನನ್ನ ಕೆಲಸವಲ್ಲ. ನನ್ನ ಪ್ರಶ್ನೆ ಗೃಹಿಣಿಯ ಪ್ರಶ್ನೆ. ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ ಕೊಡವನ್ನು ಬೆರಳಲ್ಲಿ ತಟ್ಟಿ, ತೂಕ ಹಾಕಿಸಿ ಕೊಳ್ಳುತ್ತೇವಲ್ಲ. ಕೋಟಿಗಟ್ಟಲೆ ಹಣದ ಮೂರ್ತಿಯನ್ನು ಉದ್ಘಾಟನೆಗೆ ಮುಂಚೆ ತಟ್ಟಿ ನೋಡುವವರು ಒಬ್ಬರೂ ಇರಲಿಲ್ಲವೇ?

ಸಂಸದರ ನಿಧಿಯ ನಿಯಮಾವಳಿಯಲ್ಲಿ ಒಂದು ಸ್ವಾರಸ್ಯ ಕಂಡೆ. ಆ ಹಣದಲ್ಲಿ ಆದ ಪ್ರತಿ ಕಾಮಗಾರಿಯ ಬಳಿಯೂ ಶಾಶ್ವತ ಫಲಕ ಹಾಕಬೇಕು. ಎಷ್ಟು ಖರ್ಚಾಯಿತು, ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಯಾವ ಸಂಸದರು ಕೊಡಿಸಿದರು ಎಂದು ಬರೆಯಬೇಕು ಎಂದಿದೆ. ನೋಡಿ, ಫಲಕ ಹಾಕುವುದು, ಖರ್ಚು ಬರೆಯುವುದು ಅಸಾಧ್ಯವೇನಲ್ಲ. ದೊಡ್ಡವರ ಹೆಸರಿಗೆ ಲಿಖಿತ ನಿಯಮವೇ ಇದೆ. ಅದೇ ಫಲಕದಲ್ಲಿ ಇನ್ನೊಂದು ಸಾಲು ಸೇರಿಸಲು ಎಷ್ಟು ಕಲ್ಲು ಬೇಕು?

ಹೆಸರು ಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ, ಅದು ನನ್ನ ತವರಿನದು. ಕನಕಾ ಮೂರ್ತಿ ಎಂಬ ಶಿಲ್ಪಿಯ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? 1942ರಲ್ಲಿ ಹುಟ್ಟಿದ್ದು ನಮ್ಮ ತಿರುಮಕೂಡಲು ನರಸೀಪುರದಲ್ಲಿ. ಬೆಂಗಳೂರಿನ ಕಲಾಮಂದಿರದಲ್ಲಿ ಕಲಿತು, ದೇವಲಕುಂದ ವಾದಿರಾಜರ ಶಿಷ್ಯೆಯಾಗಿ ಕಲ್ಲು ಕೆತ್ತುವುದನ್ನು ಅಭ್ಯಾಸ ಮಾಡಿದವರು. ಹೆಂಗಸಿಗೆ ಕಸೂತಿ ಸೂಜಿ ಸಾಕು, ಉಳಿ ಸುತ್ತಿಗೆ ಯಾಕೆ ಎನ್ನುವ ಕಾಲ ಅದು. ಬೆಂಗಳೂರಿನ ಲಾಲ್‌ಬಾಗಿನ ಪಶ್ಚಿಮ ದ್ವಾರದ ಬಳಿಯ ಕುವೆಂಪು ಪ್ರತಿಮೆ ಆಕೆಯ ಕೈಯದು. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ರೈಟ್ ಸಹೋದರರು ಆಕೆಯ ಕೈಯವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯಂಥ ಸಂಗೀತಗಾರರ ಮುಖಗಳನ್ನೂ ಮಾಡಿದರು. ಹೆಂಗಸರ ಪಾಲಿಗೆ ಅಪರೂಪವಾದ ಜಕಣಾಚಾರಿ ಪ್ರಶಸ್ತಿ ಆಕೆಗೆ ಬಂತು. 2021ರ ಮೇ ತಿಂಗಳಲ್ಲಿ ಕೊರೊನಾ ಆಕೆಯನ್ನು ಕರೆದುಕೊಂಡು ಹೋಯಿತು.

ಮೈಸೂರು ಸೀಮೆಯಿಂದ ಬೆಂಗಳೂರಿಗೆ ಹೋಗಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬರುವ ಎಷ್ಟೋ ಮಂದಿ ಆ ಕುವೆಂಪು ಅವರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರಬಹುದು. ನಮ್ಮೂರಿನ ಮಗಳು ಮಾಡಿದ್ದೆಂದು ಗೊತ್ತಿದ್ದವರೆಷ್ಟು? ನರಸೀಪುರದ ಶಾಲೆಯ ಒಬ್ಬ ಹುಡುಗಿಗೆ, 'ನಿನ್ನ ಊರಿನ ಒಬ್ಬಾಕೆ ಕಲ್ಲು ಕೆತ್ತಿದಳು ಕಣೇ' ಎಂದು ಯಾರಾದರೂ ಹೇಳಿದ್ದರೆ ಅವಳ ಮನಸ್ಸಿನಲ್ಲಿ ಏನೇನು ಏಳುತ್ತಿತ್ತೋ. ನಮ್ಮ ಕಡೆ ಪ್ರತಿಮೆ ಮಾಡಿಸುವ ಸಭೆಗಳಲ್ಲಿ ಆಕೆಯ ಹೆಸರು ಎಷ್ಟು ಸಲ ಬಂದಿತ್ತು ಎಂದು ನಿಮ್ಮ ಹಿರಿಯರನ್ನು ಕೇಳಿ ನೋಡಿ. ಪಿಟೀಲಿನ ತಿರುಮಕೂಡಲು ಚೌಡಯ್ಯನವರೂ ನಮ್ಮೂರಿನವರೇ. ಅವರ ಹೆಸರಿನ, ಪಿಟೀಲಿನ ಆಕಾರದಲ್ಲೇ ಕಟ್ಟಿದ ಭವನ ಇರುವುದು ಬೆಂಗಳೂರಿನಲ್ಲಿ. ಸಂಗಮದ ನೀರು ಕೆಳಗೆ ಹರಿದುಹೋಗುವ ಹಾಗೆ ನಮ್ಮವರ ಹೆಸರೂ ಊರು ದಾಟಿ ಹರಿದುಹೋಗುತ್ತದೆ.

ಪ್ರತಿಮೆಯ ಮಾತೇ ಆಯಿತು. ಆದರೆ ಹೆಂಗಸರಿಗೆ ದಿನನಿತ್ಯ ಎದುರಾಗುವುದು ಪ್ರತಿಮೆಗಿಂತ ಹೆಚ್ಚಾಗಿ ತಂಗುದಾಣ, ಮೆಟ್ಟಿಲು, ಕಲ್ಲುಬೆಂಚು, ಬೀದಿದೀಪ. ಇವುಗಳಲ್ಲಿ ಚೆಂದ, ಅನುಕೂಲ ಎಂಬುದನ್ನು ಯಾರು ಅಳೆಯುತ್ತಾರೆ? 2022ರ ನವೆಂಬರಿನಲ್ಲಿ ಮೈಸೂರಿನಿಂದ ನಂಜನಗೂಡಿಗೆ ಬರುವ ಊಟಿ ರಸ್ತೆಯಲ್ಲಿ ಒಂದು ತಂಗುದಾಣದ ಗುಂಬಜಿಗಾಗಿ ರಾಜ್ಯವೇ ಎದ್ದು ಕೂತಿತು. ಅದು ಮಸೀದಿಯ ಹಾಗಿದೆ ಎಂದು ಒಬ್ಬರು, ಇಲ್ಲ ಅರಮನೆಯ ಮಾದರಿ ಎಂದು ಇನ್ನೊಬ್ಬರು. ಹೆದ್ದಾರಿ ಪ್ರಾಧಿಕಾರದ ನೋಟೀಸೂ ಬಂತು. ಕೊನೆಗೆ ಅಕ್ಕಪಕ್ಕದ ಎರಡು ಚಿಕ್ಕ ಗುಂಬಜು ಇಳಿದವು, ನಡುವಿನದು ಕೆಂಪು ಬಣ್ಣ ಬಳಿಸಿಕೊಂಡು ಉಳಿಯಿತು. ಅಷ್ಟು ದಿನದ ಗಲಾಟೆಯಲ್ಲಿ ನಾನು ಪೇಪರನ್ನು ಪುಟ ಬಿಡದೆ ಓದಿದೆ. ಗುಂಬಜಿನ ಕೆಳಗೆ ಮಳೆಯ ಎರಚಲು ಬರುತ್ತದೆಯೇ, ಮಂಡಿನೋವಿನ ಅಜ್ಜಿ ಆ ಬೆಂಚಿನಿಂದ ಕೈಹಿಡಿಯಿಲ್ಲದೆ ಏಳಬಹುದೇ, ಸಂಜೆ ಏಳಕ್ಕೆ ಟ್ಯೂಷನ್ ಮುಗಿಸಿ ಒಬ್ಬಳೇ ನಿಂತ ಹುಡುಗಿಗೆ ಬೆಳಕಿದೆಯೇ ಎಂಬ ಚರ್ಚೆ ನನ್ನ ಕಣ್ಣಿಗೆ ಬೀಳಲಿಲ್ಲ. ತಲೆಯ ಮೇಲಿನದ್ದಕ್ಕೆ ಜಗಳ, ತಲೆಯ ಕೆಳಗೆ ನಿಂತವರನ್ನು ಕೇಳಿದವರಿಲ್ಲ.

ನದಿತೀರದ ಕಥೆ ಇನ್ನೂ ಬೇರೆ. ಯಾವ ಊರೆಂದು ಹೇಳುವುದು ಬೇಡ; ಹೋದ ಕಾರ್ತಿಕದಲ್ಲಿ ನಮ್ಮ ಅತ್ತೆಯವರನ್ನು ಸ್ನಾನಕ್ಕೆಂದು ಒಂದು ತೀರ್ಥಕ್ಷೇತ್ರಕ್ಕೆ ಕರೆದುಕೊಂಡು ಹೋಗಿದ್ದೆ. ದಂಡೆಯಲ್ಲಿ ಹೊಸದಾಗಿ ಕಾರಂಜಿ ಮಾಡಿದ್ದರು, ನೀರಿಲ್ಲ. ಎರಡು ಸಿಮೆಂಟ್ ಜಿಂಕೆಗಳಿದ್ದವು. 'ಐ ಲವ್' ಎಂದು ಊರಿನ ಹೆಸರಿನ ದೀಪದ ಅಕ್ಷರಗಳಿದ್ದವು. ಬಟ್ಟೆ ಬದ��ಿಸುವ ಕೋಣೆ ಹುಡುಕಿದರೆ ಮೆಟ್ಟಿಲಿನಿಂದ ಅರ್ಧ ಫರ್ಲಾಂಗು ದೂರ, ಅದಕ್ಕೂ ಬೀಗ. ಎಪ್ಪತ್ತೆರಡು ವರ್ಷದ ಅತ್ತೆ ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತರು. ನಾನೂ ಇನ್ನಿಬ್ಬರು ಅಪರಿಚಿತ ಹೆಂಗಸರೂ ಒಂದು ಬೆಡ್‌ಶೀಟು ಹಿಡಿದು ಮರೆ ಮಾಡಿದೆವು. 'ಬಿಡೇ, ನಮ್ಮ ಕಾಲದಿಂದಲೂ ಹೀಗೇ' ಎಂದರು ಅತ್ತೆ. ನನಗೆ ಬಿಡಲು ಮನಸ್ಸಿಲ್ಲ. ನೀರಿಲ್ಲದ ಕಾರಂಜಿಯ ದುಡ್ಡಿನಲ್ಲಿ ಮೆಟ್ಟಿಲ ಪಕ್ಕ ನಾಲ್ಕು ಕಲ್ಲಿನ ಮರೆ ಆಗುತ್ತಿತ್ತು. ಅದನ್ನು ಚೆಂದವಾಗಿ, ಗಾಳಿ ಬರುವ ಜಾಲಂಧ್ರ ಇಟ್ಟು, ಸೀರೆ ತೂಗುಹಾಕಲು ಒಂದು ಗೂಟ ಇಟ್ಟು ಯಾರಾದರೂ ಕಟ್ಟಿದರೆ, ಆ ಕಟ್ಟಿದವನಿಗೆ ಪ್ರಶಸ್ತಿ ಕೊಡಿ. ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಊರಿನ ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡಿದವರಿಗೆ, ಬರೆದವರಿಗೆ, ಆಡಿದವರಿಗೆ ಶಾಲು ಹೊದಿಸುತ್ತಾರೆ. ಒಳ್ಳೆಯ ಮೆಟ್ಟಿಲು ಕಟ್ಟಿದ ಗಾರೆಯವನಿಗೆ ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ.

'ಕುಡಿಯುವ ನೀರಿಗೇ ಗತಿಯಿಲ್ಲ, ಇವರಿಗೆ ಕಲೆ ಬೇಕಂತೆ' ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ: ಹೊಸ ದುಡ್ಡು ಕೇಳುತ್ತಿಲ್ಲ, ಈಗಾಗಲೇ ಖರ್ಚಾಗುತ್ತಿರುವ ದುಡ್ಡಿನ ಲೆಕ್ಕ ಕೇಳುತ್ತಿದ್ದೇನೆ. ಫ್ರಾನ್ಸಿನಲ್ಲಿ 1951ರಿಂದ ಶಾಲೆ ಕಟ್ಟುವ ಖರ್ಚಿನಲ್ಲಿ ನೂರಕ್ಕೆ ಒಂದು ಪಾಲು ಕಲೆಗೆ ಎಂದು ಎತ್ತಿಡುವ ಪದ್ಧತಿ ಬಂತು. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲಿ ಇಂಥದೇ ನಿಯಮ ಮಾಡಿಕೊಂಡಿತು. ನಮ್ಮಲ್ಲಿ ಒಂದು ಕೋಟಿಯ ಬಸ್ ನಿಲ್ದಾಣವಾದರೆ ನೂರಕ್ಕೆ ಒಂದರಂತೆ ಒಂದು ಲಕ್ಷ. ಆ ಒಂದು ಲಕ್ಷಕ್ಕೆ ಅಕಾಡೆಮಿಯ ವಿದ್ಯಾರ್ಥಿಗಳು ಗೋಡೆಯ ಮೇಲೆ ರಸಬಾಳೆಯ ತೋಟವನ್ನೋ ಕಪಿಲೆಯ ತೆಪ್ಪೋತ್ಸವವನ್ನೋ ಚಿತ್ರಿಸಿ, ಕೆಳಗೆ ಹೆಸರು ಬರೆದು ಹೋಗಲಿ. ಈಗ ಸ್ವಚ್ಛತೆಯ ಹೆಸರಿನಲ್ಲಿ ಕಾಂಪೌಂಡಿಗೆ ಬಳಿಯುವ ಅದೇ ನವಿಲು, ಅದೇ ಭೂಗೋಳ, ಅದೇ ಪೊರಕೆ ಹಿಡಿದ ಕೈಗಿಂತ ಅದು ಕೆಟ್ಟದಾಗಿರಲಾರದು. ನಂಜನಗೂಡಿನ ಸುತ್ತ ದೊಡ್ಡ ದೊಡ್ಡ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆಯ ಪ್ರಕಾರ, ನಿಗದಿತ ಮಟ್ಟದ ಮೇಲಿನ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಕಲೆ, ಪರಂಪರೆ, ಕರಕುಶಲ ಎಂದು ಸ್ಪಷ್ಟವಾಗಿ ಬರೆದಿದೆ. ದುಡ್ಡಿಲ್ಲ ಎನ್ನುವ ಮಾತನ್ನು ಇನ್ನು ಯಾರೂ ಹೇಳಬೇಡಿ.

ಸ್ಪರ್ಧೆ ಇಟ್ಟರೆ ಪರಿಚಯದವರೇ ಗೆಲ್ಲುತ್ತಾರೆ ಎನ್ನುವ ಭಯಕ್ಕೂ ಮದ್ದಿದೆ. ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದ ಸ್ಮಾರಕಕ್ಕೆ 1981ರಲ್ಲಿ ಸ್ಪರ್ಧೆ ಇಟ್ಟಾಗ ಬಂದ ನಕ್ಷೆಗಳು 1,421. ತೀರ್ಪುಗಾರರಿಗೆ ಹೆಸರು ಕಾಣದಂತೆ ಬರಿಯ ನಂಬರು ಹಾಕಿಟ್ಟರು. ಗೆದ್ದ ನಂಬರನ್ನು ಬಿಡಿಸಿ ನೋಡಿದರೆ ಮಾಯಾ ಲಿನ್ ಎಂಬ 21 ವರ್ಷದ ವಿದ್ಯಾರ್ಥಿನಿ! ಹೆಸರು ಮೊದಲೇ ಕಂಡಿದ್ದರೆ ಆ ಹುಡುಗಿಯ ಹಾಳೆ ಯಾವ ಮೂಲೆಯಲ್ಲಿರುತ್ತಿತ್ತೋ. ಆರಿಸುವಾಗ ಹೆಸರು ಮುಚ್ಚಿರಬೇಕು, ನಿಲ್ಲಿಸಿದ ಮೇಲೆ ಹೆಸರು ತೆರೆದಿರಬೇಕು. ನಮ್ಮಲ್ಲಿ ನಡೆಯುವುದು ಸರಿಯಾಗಿ ಇದರ ತಲೆಕೆಳಗು.

ನಿಲ್ಲಿಸಿದ ಮೇಲೆ ಕಾಪಾಡುವುದೂ ಉಂಟಲ್ಲ. ನಂಜನಗೂಡಿನ ದೊಡ್ಡ ಜಾತ್ರೆ ಹತ್ತಿರ ಬಂತೆಂದರೆ ಗೌತಮ ರಥದ ಚಕ್ರ, ಅಚ್ಚು, ಹಗ್ಗ ಎಲ್ಲವನ್ನೂ ತಿಳಿದವರು ನೋಡುತ್ತಾರೆ. ದೇವರು ಕೂರುವ ರಥವೆಂಬ ಭಯಭಕ್ತಿಯಿಂದ ಅಷ್ಟಾದರೂ ನಡೆಯುತ್ತದೆ. ಬೀದಿಯ ಪ್ರತಿಮೆಗೆ ವರ್ಷಕ್ಕೊಮ್ಮೆ ಜಯಂತಿಯ ದಿನ ಸ್ನಾನ, ಉಳಿದ ದಿನ ಕಾಗೆಯ ಅಭಿಷೇಕ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ ಸೆಹಗಲ್ ಎಂಬ ಕಲಾವಿದರು ಮಾಡಿದ ಭಾರಿ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿಬಿಟ್ಟರು. ಆ ಮನುಷ್ಯ ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಅವರಿಗೆ ಐದು ಲಕ್ಷ ಪರಿಹಾರ ಕೊಡಿಸಿ, ಉಳಿದ ಚೂರುಗಳನ್ನು ಹಿಂದಿರುಗಿಸಲು ಹೇಳಿತು. ದುಡ್ಡು ಕೊಟ್ಟು ಕೊಂಡ ಮೇಲೂ ಮಾಡಿದವನ ಹಕ್ಕು ಮುಗಿಯುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಹಕ್ಕು ಕೇಳಲು ಅವರಿಗೆ ಒಂದು ಹೆಸರಿತ್ತು ಎಂಬುದನ್ನು ಮರೆಯಬೇಡಿ.

ನಾವು ಹೆಂಗಸರು ಇದಕ್ಕೆಲ್ಲ ಯಾಕೆ ತಲೆ ಹಾಕಬೇಕು ಎಂದು ಕೇಳುವವರು ನಮ್ಮ ಮನೆಯಲ್ಲೇ ಇರುತ್ತಾರೆ. ದಿನಾ ಬೆಳಿಗ್ಗೆ ಬಾಗಿಲು ಸಾರಿಸಿ ರಂಗೋಲಿ ಇಟ್ಟು ಬೀದಿಯನ್ನು ಬೀದಿಯ ಹಾಗೆ ಮಾಡುವವರು ಯಾರು? ಅದಕ್ಕೆ ಎಸ್ಟಿಮೇಟಿಲ್ಲ, ಬಿಲ್ಲಿಲ್ಲ. ಎಳೆ ತಪ್ಪಿದರೆ ಅಳಿಸಿ ಮತ್ತೆ ಇಡುತ್ತೇವೆ. ಅಷ್ಟು ಕಣ್ಣು ಪಳಗಿದವರಿಗೆ ವೃತ್ತದಲ್ಲಿ ಗೇಣುದ್ದ ಜಾಸ್ತಿಯಾದ ಕೈ ಕಾಣುವುದಿಲ್ಲವೇ? 1992ರ ಸಂವಿಧಾನ ತಿದ್ದುಪಡಿಯಿಂದ ನಗರಸಭೆ, ಪುರಸಭೆಗಳಲ್ಲಿ ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನ ಹೆಂಗಸರಿಗಿದೆ. ನಿಮ್ಮ ವಾರ್ಡಿನ ಸದಸ್ಯೆ ಬಳೆಗಾರನ ಅಂಗಡಿಯಲ್ಲೋ ಅರಿಶಿನ ಕುಂಕುಮಕ್ಕೋ ಸಿಕ್ಕಾಗ, 'ಅಕ್ಕಾ, ಆ ವೃತ್ತದ ಕೆಲಸಕ್ಕೆ ಎಷ್ಟಾಯ್ತು, ಮಾಡಿದ್ದು ಯಾರು?' ಎಂದು ಒಂದು ಮಾತು ಕೇಳಿ. ಆಕೆಗೆ ಗೊತ್ತಿಲ್ಲದಿದ್ದರೆ ಮುಂದಿನ ಮೀಟಿಂಗಿನಲ್ಲಿ ಆಕೆ ಕೇಳಲಿ. ಅಲ್ಲೂ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ ಹತ್ತು ರೂಪಾಯಿ, ಒಂದು ಮೊಳ ಮಲ್ಲಿಗೆಗೂ ಸಾಲದ ಹಣ.

ಒಂದು ಕೆಲಸವಂತೂ ಎದುರಿಗೇ ಇದೆ. ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆದು ಬಂದಿದೆ. ಕೊರೊನಾದಿಂದ 2022ರದು ತಪ್ಪಿತು, 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಲೆಕ್ಕದ ಪ್ರಕಾರ ಮುಂದಿನದು 2028ಕ್ಕೆ. ಮೇಳಕ್ಕೆ ಬೇಕಾದ ಕಾಮಗಾರಿಗಳ ಎಸ್ಟಿಮೇಟು ತಿಂಗಳುಗಳ ಮುಂಚೆಯೇ ತಯಾರಾಗುತ್ತದೆ. ಕಮಾನಿಗೆ ಎಷ್ಟು, ದೀಪಕ್ಕೆ ಎಷ್ಟು ಎಂದು ಬರೆಯುವ ಆ ಹಾಳೆಯಲ್ಲಿ ಮೆಟ್ಟಿಲ ಪಕ್ಕದ ಕಲ್ಲಿನ ಮರೆಗೆ ಒಂದು ಸಾಲು, ಅದನ್ನು ಕಟ್ಟುವವನ ಹೆಸರಿನ ಕಲ್ಲಿಗೆ ಇನ್ನೊಂದು ಸಾಲು ಇದೆಯೇ ಎಂದು ಸಹಿ ಬೀಳುವ ಮುನ್ನ ಹೋಗಿ ನೋಡೋಣ. ತವರಿಗೆ ಹೇಗೂ ನಾನು ಹೋಗುವವಳೇ. ಬರುವವರು ನಂಜನಗೂಡಿನ ಬಸ್ ನಿಲ್ದಾಣಕ್ಕೆ ಬೆಳಿಗ್ಗೆ ಎಂಟಕ್ಕೆ ಬನ್ನಿ.